ಗೋಡೆಯ ಮೇಲಿದ್ದ ಕೇಕು

ಕಾಕುವಿನ ಬಲಗೈಯಲ್ಲಿ ಬೆರಳಿನಿಂದ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ. ಎಡಗೈ ಎಲ್ಲರ ಕೈಯ ಹಾಗೆಯೇ ಇತ್ತು. ಬಲಗೈ ಮಾತ್ರ ವರ್ಷಗಟ್ಟಲೆ ಕೆಂಡದ ಝಳ ತಿಂದು, ಎಣ್ಣೆ ಸವರಿದ ಹಾಗೆ ನುಣ್ಣಗಾಗಿ, ತುಸು ಕೆಂಪಗೆ ಹೊಳೆಯುತ್ತಿತ್ತು. ಇದ್ದಿಲಿನ ಒಲೆಯಾದ ಶೆಗಡಿಯ ಕಾವು ಎಷ್ಟಿದೆ ಎಂದು ನೋಡಬೇಕಾದರೆ ಅವರು ಆ ಕೈಯನ್ನು ಕೆಂಡದ ಮೇಲೆ ಚಾಚಿ ಸುಮ್ಮನೆ ನಿಂತುಬಿಡುತ್ತಿದ್ದರು. ಹೊಸ್ತಿಲ ಮೇಲೆ ಕುಳಿತು ನೋಡುತ್ತಿದ್ದ ನನಗೆ ಜೀವ ಬಾಯಿಗೆ ಬರುತ್ತಿತ್ತು. "ಕೈ ತಗೀರಿ ಕಾಕು" ಎಂದರೆ, "ಇದು ಕೈ ಅಲ್ಲ ಹುಡುಗಿ, ತಕ್ಕಡಿ. ಕಾವು ತೂಗಲಿಕ್ಕೆ ಹತ್ತೇದ, ನಡುವ ಮಾತಾಡಿಸಬ್ಯಾಡ" ಎನ್ನುತ್ತಿದ್ದರು.

ನಾನು ಮೊದಲಿನಿಂದಲೂ ಅಂಜುಬುರುಕಿ. ಬಾಗಿಲು ಬಡಿದರೆ ತಾರು ಬಂತೇನೋ ಎನ್ನುವವಳು, ತಾರು ಬಂದರೆ ಒಡೆಯುವ ಮೊದಲೇ ಅಳುವವಳು. ಮಹಾಯುದ್ಧ ನಡೆದಿದ್ದ ಕಾಲದಲ್ಲಿ ಧಾರವಾಡದ ಕಡೆಯಿಂದ ಮದುವೆಯಾಗಿ ಪುಣೆಯ ನಾರಾಯಣ ಪೇಠೆಗೆ ಬಂದಾಗ ನನಗೆ ಹತ್ತೊಂಬತ್ತು ತುಂಬಿತ್ತು. ಮನೆಯವರು ರೈಲ್ವೆ ಆಫೀಸಿನಲ್ಲಿ ಗುಮಾಸ್ತರು. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಅಷ್ಟೂ ಹೊತ್ತು ಮನೆಯಲ್ಲಿ ನಾನು ಮತ್ತು ಅತ್ತೆ. ಅತ್ತೆ ಬೈಯುತ್ತಿರಲಿಲ್ಲ, ಅದೇ ಹೆದರಿಕೆ. ನೋಡುತ್ತಿದ್ದರು. ನಲ್ಲಿಯ ಹತ್ತಿರ ಹೋದರೆ ಎಲ್ಲರೂ ಮರಾಠಿ. ನನಗೆ ಬರುತ್ತಿದ್ದುದು "ಹೋ" ಮತ್ತು "ನಾಹೀ" ಎರಡೇ. ಎಲ್ಲಿ ಯಾವುದನ್ನು ಹೇಳಬೇಕು ಎಂಬುದರಲ್ಲೂ ತಪ್ಪುತ್ತಿದ್ದೆ.

ನಮ್ಮ ಅಡಿಗೆಮನೆಗೂ ಕಾಕುವಿನ ಅಡಿಗೆಮನೆಗೂ ನಡುವೆ ಒಂದೇ ಗೋಡೆ. ಅವರು ನಮಗೆ ಸಂಬಂಧಿಕರಲ್ಲ. ಗದಗಿನ ಕಡೆಯವರು, ಹತ್ತಾರು ಬಿಡಾರಗಳಿದ್ದ ಆ ಇಡೀ ವಾಡೆಗೇ ಕಾಕು, ಎಂದರೆ ಚಿಕ್ಕಮ್ಮ. ಗಂಡ ದಂಡಿನವರಿದ್ದ ಲಷ್ಕರದ ಕಡೆ ಒಂದು ಮಿಶನ್ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವರು. ಮಗಳಿಗೆ ಆರು ವರ್ಷವಿದ್ದಾಗ ವಿಷಮಜ್ವರದಲ್ಲಿ ತೀರಿಕೊಂಡರಂತೆ. ಅಂದಿನಿಂದ ಕಾಕು ಮದುವೆ ಮುಂಜಿವೆಯ ಮನೆಗಳಿಗೆ ಉಂಡಿ, ಚಕ್ಕುಲಿ, ಕರಚಿಕಾಯಿ ಮಾಡಿಕೊಟ್ಟು ಮಗಳನ್ನು ಸಾಕಿದ್ದರು. ನನ್ನ ಮುಖ ಸಪ್ಪಗಿದ್ದರೆ ಸಾಕು, ಗೋಡೆಯನ್ನು ಲಟ್ಟಣಿಗೆಯಿಂದ ಎರಡು ಸಲ ಕುಟ್ಟುತ್ತಿದ್ದರು. ಬಾ ಎಂದು ಅದರ ಅರ್ಥ. ಹೋದರೆ ಒಂದು ಮೊರದ ತುಂಬ ಅಕ್ಕಿ ಮುಂದಿಡುತ್ತಿದ್ದರು. "ಹೆದರಿಕಿ ಬಂದಾಗ ಅಕ್ಕಿ ಆರಸಬೇಕು ಹುಡುಗಿ. ಹಳ್ಳರೇ ಸಿಗತಾವ, ಇಲ್ಲಾ ಹೆದರಿಕಿ ಹೋಗತದ." ಎಷ್ಟೋ ಸಲ ಆ ಅಕ್ಕಿ ಆಗಲೇ ಆರಿಸಿದ್ದಾಗಿರುತ್ತಿತ್ತು. ನನಗಿಂತ ಮೊದಲು ಅವರೇ ಹೆದರಿ ಕುಳಿತಿದ್ದರು ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು.

ವರ್ಷಕ್ಕೊಮ್ಮೆ, ಕ್ರಿಸ್ತರ ನಾತಾಳ ಹಬ್ಬಕ್ಕೆ, ಅವರು ದವಾಖಾನೆಯ ಬಿಳಿಯ ಡಾಕ್ಟರಮ್ಮ, ಮಡ್ಡಮ್ಮನಿಗೆ ಒಂದು ಕೇಕು ಮಾಡಿಕೊಡುತ್ತಿದ್ದರು. ಗಂಡ ಹೋದ ಮೇಲೂ ಅದನ್ನು ಬಿಟ್ಟಿರಲಿಲ್ಲ. ಮಡ್ಡಮ್ಮನ ಊರಿನ ಕೇಕೇ, ಆದರೆ ಕಾಕು ಅದಕ್ಕೆ ಮಡಿ ಉಡಿಸಿದ್ದರು. ಕೋಳಿ ತತ್ತಿಯ ಬದಲು ಹುಳಿ ಮೊಸರು ಮತ್ತು ಸೋಡಾ. ಸೋಸಿದ ಗೋಧಿ ಹಿಟ್ಟು, ಬೆಣ್ಣೆ, ಸಕ್ಕರೆ, ಗಟ್ಟಿಯಾಗಿ ಇಳಿಸಿದ ಕಾಫಿಯ ಕಷಾಯ. ಮೇಲೆ ಸಕ್ಕರೆಯಲ್ಲಿ ಹೊರಳಾಡಿಸಿದ ಅಕ್ರೋಡಿನ ಚೂರು. ಭಟ್ಟಿ ಇಲ್ಲ. ದೊಡ್ಡ ಪಾತ್ರೆಯಲ್ಲಿ ಉಸುಕು ಹಾಕಿ, ಅದರೊಳಗೆ ಕಲಾಯಿ ಮಾಡಿದ ಪಾತೇಲಿ ಇಟ್ಟು, ಕೆಳಗೆ ಶೆಗಡಿ, ಮೇಲೆ ಮುಚ್ಚಿದ ಹಿತ್ತಾಳೆಯ ತಾಟಿನ ತುಂಬ ಕೆಂಡ. ಬೇಯುವಷ್ಟು ಹೊತ್ತು ಕಾಕು ಒಂದು ದೇವರ ಹಾಡು ಹಾಡುತ್ತಿದ್ದರು, ಮುಗಿದ ಕೂಡಲೇ ಮತ್ತೆ ಮೊದಲಿನಿಂದ. ಎಲ್ಲರ ಮನೆಯಲ್ಲಿ ಚಹಾ ಕುದಿಯುವ ವಾಡೆಯಲ್ಲಿ ಅಂದು ಕಾಫಿಯ ವಾಸನೆ ಹಬ್ಬಿ, ಮೇಲಿನ ಮಹಡಿಯವರೂ ಮೆಟ್ಟಿಲ ಮೇಲೆ ಬಂದು ಮೂಗರಳಿಸುತ್ತಿದ್ದರು.

ನಾನು ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು. ಅಡಿಗೆ ಬರದು, ಓದು ಬರುತ್ತದೆ ಎಂಬುದೇ ನನ್ನ ಜಂಬವೂ ನಾಚಿಕೆಯೂ ಆಗಿತ್ತು. ಹುಳಿಪುಡಿ ಹೇಗೆ ಎಂದು ತವರಿಗೆ ಕಾಗದ ಬರೆದರೆ ಅವ್ವ "ಮೆಣಸಿನಕಾಯಿ ಬೇಕಾದಷ್ಟು, ಕೊತ್ತಂಬರಿ ಹದಕ್ಕೆ ತಕ್ಕಷ್ಟು" ಎಂದು ಬರೆಸುತ್ತಿದ್ದಳು. ಮನೆಯವರು ಬುಧವಾರ ಪೇಠೆಯಿಂದ ಅಚ್ಚಾದ ಒಂದು ಮರಾಠಿ ಪಾಕಪುಸ್ತಕ ತಂದುಕೊಟ್ಟರು. ಅದರಲ್ಲೂ ತೊಲ, ಶೇರು ಎಂದು ಶುರುವಾಗಿ ಕೊನೆಗೆ "ಬೇಕಾದಷ್ಟು" ಎಂದೇ ಮುಗಿಯುತ್ತಿತ್ತು. ಕಾಕುವಿಗೆ ಓದಿ ತೋರಿಸಿದೆ. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಕೇಳಿ ನಕ್ಕರು.

"ಬೇಕಾದಷ್ಟು ಅಂದ್ರ ಯಾರಿಗೆ ಬೇಕಾದಷ್ಟು? ಬರದವಳಿಗೋ, ಉಣ್ಣವಳಿಗೋ?"

"ನಿಮಗೆ ಹೆಂಗ ಗೊತ್ತಾಗತದ್ರಿ ಕಾಕು?"

"ದಿನಾ ಮಾಡೂದು ಕೈಯಾಗ ಇರತದ. ವರ್ಷಕ್ಕೊಮ್ಮೆ ಮಾಡೂದು ಬ್ಯಾರೆ ಕಡೆ ಇಡಬೇಕಾಗತದ" ಎಂದರು. ಎಲ್ಲಿ ಇಟ್ಟಿದ್ದೀರಿ ಎಂದು ನಾನು ಆಗ ಕೇಳಬೇಕಿತ್ತು. ಕೇಳಲಿಲ್ಲ.

ಆ ವರ್ಷ ದೀಪಾವಳಿಗೆ ಮೊದಲು ಕಾಕುವಿನ ನಿದ್ದೆ ಕೆಟ್ಟಿತ್ತು. ಮಗಳಿಗೆ ಹದಿನಾಲ್ಕು ತುಂಬಿತ್ತು. ಗದಗಿನಲ್ಲಿದ್ದ ಕಾಕುವಿನ ಅಣ್ಣ ಅವಳಿಗೆ ಒಂದು ಸಂಬಂಧ ನೋಡಿದ್ದರು. ವರನಿಗೆ ಎರಡನೇ ಮದುವೆ, ವಯಸ್ಸು ನಲವತ್ತರ ಹತ್ತಿರ, ಮನೆಯಲ್ಲಿ ಮೂರು ಮಕ್ಕಳು. "ಇಬ್ಬರನ್ನೂ ಜೀವನಪೂರ್ತಿ ನಾ ನೋಡಲಿಕ್ಕೆ ಆಗೂದಿಲ್ಲ" ಎಂದಿದ್ದರಂತೆ ಅಣ್ಣ. ಅದೇ ಹೊತ್ತಿಗೆ ಒಂದು ಹುಡುಗಿಯರ ಶಾಲೆಯ ಹಿರಿಯ ಬಾಯಿಯವರು, ಎಂದರೆ ಮುಖ್ಯೋಪಾಧ್ಯಾಯಿನಿ, ಕಾಕುವಿಗೆ ಹೇಳಿ ಕಳಿಸಿದ್ದರು. ಹಿಂದಿನ ನಾತಾಳಕ್ಕೆ ಮಡ್ಡಮ್ಮನ ಮನೆಯಲ್ಲಿ ಅವರು ಆ ಕೇಕು ತಿಂದಿದ್ದರು. ತತ್ತಿ ಇಲ್ಲದ್ದರಿಂದ ಎಲ್ಲ ಮನೆಗಳ ಹುಡುಗಿಯರೂ ತಿನ್ನಬಹುದು, ಭಟ್ಟಿ ಇಲ್ಲದೆ ಕಲಿಯಬಹುದು ಎಂದು ಅವರ ವಿಚಾರ. ಶಾಲೆಯಲ್ಲಿ ಅಡಿಗೆಯ ವರ್ಗ ತೆಗೆಯುತ್ತಾರೆ. ಕಾಕು ಬಂದು ಎಲ್ಲರೆದುರು ಕೇಕು ಮಾಡಿ ತೋರಿಸಬೇಕು, ಮಾಡುವ ಕ್ರಮವನ್ನು ಬರೆಸಬೇಕು. ಸರಿ ಬಂದರೆ ವಸತಿಗೃಹದಲ್ಲಿ ಕೆಲಸ, ಇರಲು ಖೋಲಿ, ಮಗಳಿಗೆ ಅಲ್ಲೇ ಓದು.

ತುಳಸಿ ಲಗ್ನವಾದ ಮೇಲೆ ಮದುವೆಯ ಮುಹೂರ್ತಗಳು ಶುರುವಾಗುತ್ತವೆ. ಅಣ್ಣನೂ ಅಲ್ಲಿಯವರೆಗೇ ಗಡುವು ಕೊಟ್ಟಿದ್ದರು. ಶಾಲೆಯವರು ಕರೆದದ್ದು ತುಳಸಿ ಲಗ್ನದ ಹಿಂದಿನ ದಿನಕ್ಕೆ. ಕಾಕು ಮಗಳನ್ನು ಕರೆದುಕೊಂಡು ಅಣ್ಣನ ಹತ್ತಿರ ಮಾತಾಡಿಬರಲು ಎಂಟು ದಿನಕ್ಕೆ ಗದಗಿಗೆ ಹೋದರು. ಹೋಗುವಾಗ ಕೀಲಿಕೈ ನನ್ನ ಕೈಗೆ ಕೊಟ್ಟು, "ತುಳಸಿಗೆ ನೀರು ಹಾಕವಾ" ಎಂದರು. ಅಷ್ಟೇ ಹೇಳಿದರು. ಈ ಮಾತನ್ನು ನಾನು ಸರಿಯಾಗಿ ನೆನಪಿಟ್ಟುಕೊಂಡಿದ್ದೇನೆ.

ದೀಪಾವಳಿಗೆಂದು ವಾಡೆಯ ಮಾಲಕರು ಎಲ್ಲರಿಗೂ ಸುಣ್ಣ ಕೊಟ್ಟಿದ್ದರು. ನಮ್ಮ ಮನೆಯ ಕೆಲಸ ಮುಗಿದು ಅರ್ಧ ಬಕೆಟ್ಟು ಉಳಿದಿತ್ತು. ಕಾಕುವಿನ ಅಡಿಗೆಮನೆ ಹೊಗೆ ಹಿಡಿದು ಕಪ್ಪಾಗಿದ್ದದ್ದು ನನ್ನ ಕಣ್ಣಿಗೆ ಬಿತ್ತು. ಗದಗಿನಿಂದ ಸೋತು ಬಂದರೆ ಮನೆಯಾದರೂ ಬೆಳ್ಳಗೆ ನಗುತ್ತಿರಲಿ ಎಂದುಕೊಂಡೆ. ಮಧ್ಯಾಹ್ನ ಅತ್ತೆ ಮಲಗಿದ ಹೊತ್ತು ನೋಡಿ ಎರಡು ದಿನ ಕುಂಚ ಹಿಡಿದೆ. ಮಡಿಯ ಅಡಿಗೆಮನೆ, ನಾನು ಎಂದೂ ಒಳಗೆ ಹೋದವಳಲ್ಲ. ಒಲೆಯ ಪಕ್ಕದ ಗೋಡೆಯ ಮೇಲೆ ಇದ್ದಿಲಿನ ಗೆರೆಗಳು ಇರುವುದನ್ನು ಅಂದೇ ಹತ್ತಿರದಿಂದ ನೋಡಿದ್ದು. ನಿಂತ ಗೆರೆ, ಅಡ್ಡ ಗೆರೆ, ಸೊನ್ನೆ, ಚುಕ್ಕೆ. ವಾಡೆಯಲ್ಲಿ ಎಲ್ಲರೂ ಗವಳಿ ಎಷ್ಟು ದಿನ ಹಾಲು ಹಾಕಿದ ಎಂದು ಗೋಡೆಯ ಮೇಲೇ ಹೀಗೆ ಗೆರೆ ಎಳೆಯುತ್ತಾರೆ. ಯಾವ ಕಾಲದ ಹಾಲೋ ಎಂದುಕೊಂಡೆ. ಮೊದಲ ಕೈ ಸುಣ್ಣದ ಕೆಳಗೂ ಅವು ಕಾಣುತ್ತಿದ್ದವು. ನನ್ನ ಶ್ರದ್ಧೆಯನ್ನು ಏನು ಹೇಳಲಿ, ತೆಂಗಿನ ನಾರು ತಂದು ತಿಕ್ಕಿ ತಿಕ್ಕಿ ಒರೆಸಿ, ಚಿಟಿಕೆ ನೀಲಿ ಬೆರೆಸಿ ಎರಡನೇ ಕೈ ಹಚ್ಚಿದೆ.

ಕಾಕು ಒಬ್ಬರೇ ಬಂದರು. ಶಾಲೆಯ ವಿಷಯ ತೀರ್ಮಾನವಾಗುವವರೆಗೆ ಹುಡುಗಿ ಗದಗಿನಲ್ಲೇ ಇರಲಿ ಎಂದು ಅಣ್ಣ ಅವಳನ್ನು ಇಟ್ಟುಕೊಂಡಿದ್ದರು. ನಾನು ಶಾಬಾಸು ಕೇಳುವವಳ ಹಾಗೆ ಬಾಗಿಲಲ್ಲಿ ನಿಂತಿದ್ದೆ. ಕಾಕು ಗಂಟು ಇಳಿಸಿ ಅಡಿಗೆಮನೆಯೊಳಗೆ ಹೋದರು. ಹೊರಗೆ ಬರಲೇ ಇಲ್ಲ. ಇಣುಕಿದರೆ ಆ ಗೋಡೆಯ ಮುಂದೆ ನಿಂತು, ನುಣ್ಣನೆಯ ಬಲಗೈಯಿಂದ ಗೋಡೆಯನ್ನು ಮೆಲ್ಲಗೆ ಸವರುತ್ತಿದ್ದರು.

"ಇಲ್ಲೆ ಗೆರಿ ಇದ್ದೂ ಅಲ್ಲವಾ?" ಎಂದರು.

"ಹಾಲಿಂದಲ್ಲೇನ್ರಿ ಕಾಕು?"

"ಹಾಲಿಂದಲ್ಲ. ನಮ್ಮನಿಯವರು ಬರದದ್ದು."

ಮಡ್ಡಮ್ಮ ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದುಕೊಟ್ಟಿದ್ದಳಂತೆ. ಕಂಪೌಂಡರು ಅದನ್ನು ಓದಿ, ಮಡ್ಡಮ್ಮನ ಕಪ್ಪುಗಳ ಅಳತೆಯನ್ನು ಕಾಕುವಿನ ಹಿತ್ತಾಳೆ ಬಟ್ಟಲಾದ ವಾಟಿಗೆ ಇಳಿಸಿ, ಅಕ್ಷರ ಬಾರದ ಹೆಂಡತಿಗೆ ತಿಳಿಯುವ ಹಾಗೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದರು. ಸೊನ್ನೆ ಎಂದರೆ ಒಂದು ವಾಟಿ. ಚುಕ್ಕೆ ಎಂದರೆ ಒಂದು ಚಮಚ. ನಿಂತ ಗೆರೆ ಎಂದರೆ ಹಾಡು ಒಂದು ಸಲ. ಅಡ್ಡ ಗೆರೆ ಬಂದಲ್ಲಿ ತಾಟು ಎತ್ತಿ ಅಕ್ರೋಡು ಹಾಕಬೇಕು. ಚೀಟಿ ಎಂದೋ ಕಳೆದುಹೋಗಿತ್ತು. ಮಡ್ಡಮ್ಮನೂ ಯುದ್ಧ ಹೆಚ್ಚಾದ ಮೇಲೆ ಊರಿಗೆ ಹೊರಟುಹೋಗಿದ್ದಳು. ಕಾಕು ಪ್ರತಿ ವರ್ಷ ಒಂದು ಗೆರೆಯ ಮೇಲೆ ಬೆರಳಿಟ್ಟು ಹಾಡು ಶುರು ಮಾಡಿ, ಮುಗಿದ ಕೂಡಲೇ ಬೆರಳನ್ನು ಮುಂದಿನ ಗೆರೆಗೆ ಸರಿಸುತ್ತಿದ್ದರು. "ಎಣಸೂದು ನನ್ನ ಕೆಲಸ ಆಗಿದ್ದಿಲ್ಲ ಹುಡುಗಿ. ಗ್ವಾಡಿ ಎಣಸತಿತ್ತು."

ನಾನು ಅವರ ಕಾಲು ಹಿಡಿಯಲು ಬಗ್ಗಿದೆ. ಕಾಕು ಹಿಂದಕ್ಕೆ ಸರಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಮೊರ ತಂದು, ಅಕ್ಕಿ ಸುರಿದುಕೊಂಡು, ನನಗೂ ಒಂದು ಪಾಲು ತಳ್ಳಿದರು. ಇಬ್ಬರೂ ಆರಿಸಿದೆವು. ಒಂದು ಹಳ್ಳೂ ಸಿಗಲಿಲ್ಲ.

ಶಾಲೆಯ ದಿನಕ್ಕೆ ಹದಿನೈದು ದಿನವೂ ಉಳಿದಿರಲಿಲ್ಲ. ಸಕ್ಕರೆ ರೇಶನ್ನಿನಲ್ಲಿ, ಶಾಲೆಯ ದಿನದ್ದನ್ನು ಅಲ್ಲಿಯವರೇ ಕೊಡುವವರಿದ್ದರೂ, ಮಾಡಿ ನೋಡಲು ಕಾಕುವಿನ ಹತ್ತಿರ ಎರಡು ಕೇಕಿಗೆ ಸಾಕಾಗುವಷ್ಟಿತ್ತು. ಅಕ್ರೋಡಂತೂ ಮಡ್ಡಮ್ಮ ಹೋಗುವಾಗ ಕೊಟ್ಟ ಒಂದೇ ಹಿಡಿ, ಅದನ್ನು ಶಾಲೆಯ ದಿನಕ್ಕೆಂದು ಅರಿವೆಯಲ್ಲಿ ಕಟ್ಟಿಟ್ಟಿದ್ದರು. ಮಾಡಿ ನೋಡುವುದಕ್ಕೆಲ್ಲ ಶೇಂಗಾ. ನಾನು ಮನೆಯವರ ಆಫೀಸಿನ ಒಂದು ಹಳೆಯ ವಹಿ ತಂದು, ಮೊದಲ ಹಾಳೆಯಲ್ಲಿ ಶ್ರೀ ಬರೆದು, ಕಾಕು ಏನೇನು ಹಾಕುತ್ತಾರೋ ಎಲ್ಲವನ್ನೂ ಬರೆದುಕೊಳ್ಳುತ್ತ ಕುಳಿತೆ. ಹಿಟ್ಟಿಗೆ ಎಷ್ಟು ಸೊನ್ನೆ ಇದ್ದವು, ಮೂರೋ ನಾಲ್ಕೋ? ಕಾಕು ಕಣ್ಣು ಮುಚ್ಚಿ ಮೂರು ಎಂದರು. ಮೂರು ಹಾಕಿದೆವು. ಕೇಕು ಉಬ್ಬಿತು, ಆಮೇಲೆ ನಡುವೆ ಕುಸಿದು ಕೂತಿತು. ಒಳಗೆಲ್ಲ ಹಸಿ.

"ಮೂರು ವಾಟಿ ಹಿಟ್ಟು: ಕುಸಿಯಿತು" ಎಂದು ಬರೆದೆ.

"ತಪ್ಪಾಗಿದ್ದೂ ಬರೀತೀಯೇನು?" ಎಂದರು ಕಾಕು.

"ಬರೀಬೇಕ್ರಿ. ಇಲ್ಲಾಂದ್ರ ನಾಳೆ ಮತ್ತ ಅದನ್ನ ಮಾಡತೀವಿ."

ಕಾಕು ಗದಗಿನಿಂದ ಬಂದ ಮೇಲೆ ಮೊದಲ ಸಲ ನಕ್ಕರು. "ಹಂಗಾದ್ರ ಸುಣ್ಣಾ ಹಚ್ಚಿದ್ದನ್ನೂ ಬರಿ."

ನಾನು ತಲೆ ತಗ್ಗಿಸಿ ಒಂದು ಸಾಲು ಖಾಲಿ ಬಿಟ್ಟೆ. ಬರೆಯಲಿಲ್ಲ.

ಎರಡನೇ ಸಲ ನಾಲ್ಕು ವಾಟಿ. ಹದ ಸರಿ ಬಂತು, ಮೈ ಸರಿ ಬಂತು. ಆದರೆ ತಾಟು ಎತ್ತುವುದು ಯಾವಾಗ? ಬೇಗ ಎತ್ತಿದರೆ ಗಾಳಿ ಹೊಕ್ಕು ಕೇಕು ಇಳಿಯುತ್ತದೆ, ಹಾಕಿದ್ದೆಲ್ಲ ತಳಕ್ಕೆ ಹೋಗುತ್ತದೆ. ತಡವಾದರೆ ಮೇಲ್ಗಡೆ ಒಣಗಿ ಒಂದು ಚೂರೂ ಅಂಟುವುದಿಲ್ಲ. ಕಾಕು ಎರಡು ಸಲ ಹಾಡಿ ಎತ್ತಿದರು. ನೋಡುನೋಡುತ್ತಿದ್ದ ಹಾಗೆ ಶೇಂಗಾ ಒಂದೊಂದಾಗಿ ಒಳಗೆ ಇಳಿದವು. ಕಾಕು ತಾಟು ಹಿಡಿದುಕೊಂಡೇ ನಿಂತಿದ್ದರು. "ಮೂರೋ, ನಾಕೋ, ಐದೋ. ಬೆರಳಿಗೆ ಗೊತ್ತಿತ್ತು ನೋಡು, ನನಗ ಗೊತ್ತಿಲ್ಲ" ಎಂದರು. ಧ್ವನಿ ನಡುಗಿತು. ಸಕ್ಕರೆ ಮುಗಿದಿತ್ತು, ಉಳಿದದ್ದು ನಾಲ್ಕು ದಿನ. ಗದಗಿನಿಂದ ಅಂದೇ ಕಾರ್ಡು ಬಂದಿತ್ತು. ವರನ ಕಡೆಯವರು ಸೀರೆ ತಂದಿದ್ದಾರಂತೆ.

ಅಂದು ಸಂಜೆ ನಾನು ನಮ್ಮ ಮನೆಯ ಡಬ್ಬಿಯಿಂದ ಎರಡು ವಾಟಿ ಸಕ್ಕರೆ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಕಾಕುವಿನ ಮುಂದೆ ಸುರಿದೆ. ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗುತ್ತಿತ್ತು. ಕುಟ್ಟುವುದು ನಿಲ್ಲುವ ಮೊದಲೇ ಹೊಸ್ತಿಲಲ್ಲಿ ಅತ್ತೆ ನಿಂತಿದ್ದರು. ನಾನು ಬಂದಾಗಿನಿಂದ ಅವರು ಕಾಕುವಿನ ಹೊಸ್ತಿಲು ತುಳಿದದ್ದನ್ನು ನೋಡಿರಲಿಲ್ಲ.

"ಸಕ್ಕರಿ ಡಬ್ಬಿ ಹಗುರ ಆಗೇದ" ಎಂದರು ಅತ್ತೆ. "ಇರವಿ ತಿಂದ್ರ ಇಷ್ಟು ತಿನ್ನೂದಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸೆರಗು ಕೊಡವಿಕೊಂಡೆ. ಅತ್ತೆ ಅದನ್ನು ನೋಡಿದರು, ನೆಲದ ಮೇಲಿದ್ದ ಸಕ್ಕರೆಯನ್ನು ನೋಡಿದರು, ಆಮೇಲೆ ಅವರ ಕಣ್ಣು ಗೋಡೆಗೆ ಹೋಯಿತು. ಅಲ್ಲೇ ನಿಂತಿತು.

"ನಿನ್ನ ಗಂಡ ಬರದದ್ದೆಲ್ಲ ಎಲ್ಲೆ ಹೋತು?" ಎಂದು ಕಾಕುವನ್ನು ಕೇಳಿದರು. ಅವರಿಗೆ ಗೊತ್ತಿತ್ತು. ವಾಡೆಯಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ. ನನ್ನ ಕಡೆ ತಿರುಗಿದರು. "ಅವತ್ತ ನಿನ್ನ ಕಾಲಿಗೆ ಸುಣ್ಣಾ ಹತ್ತಿತ್ತು. ನಮ್ಮ ಮನಿದು ಅಂತ ತಿಳಕೊಂಡಿದ್ದೆ. ಯಾರನ್ನ ಕೇಳಿ ಇಲ್ಲೆ ಕೈ ಹಾಕಿದಿ?"

ಇನ್ನೊಬ್ಬ ವಿಧವೆಯ ಮನೆಯಲ್ಲಿ, ಕೇಳದೆ, ಅವಳ ಗಂಡನ ಕೈಬರಹವನ್ನು ತೆಂಗಿನ ನಾರು ಹಾಕಿ ತಿಕ್ಕಿದ ಸೊಸೆ ಎಂದು ನನ್ನ ಹೆಸರು ಧಾರವಾಡದವರೆಗೆ ಹೋಗುವುದು ಕಣ್ಣಿಗೆ ಕಟ್ಟಿತು. ತವರಿನ ದಾರಿ ಹಿಡಿಸುತ್ತಾರೆ ಎಂದೇ ಅಂದುಕೊಂಡೆ.

"ನಾನ ಹೇಳಿ ಹೋಗಿದ್ದೆ ವೈನಿ" ಎಂದರು ಕಾಕು. ಧ್ವನಿ ನಡುಗುತ್ತಿರಲಿಲ್ಲ. "ಕೀಲಿಕೈ ಕೊಟ್ಟು, ಅಡಗಿಮನಿಗೆ ಸುಣ್ಣಾ ಹಚ್ಚಿಬಿಡವಾ ಅಂದಿದ್ದೆ. ಆ ಗೆರಿ ನೆನಪು ನನಗ ಆಗಲಿಲ್ಲ. ಹುಡುಗಿ ಏನ ಮಾಡ್ಯಾಳು, ಹೇಳಿದ್ದು ಮಾಡಿದ್ಲು."

"ನೀ ಹೇಳಿದ್ದಿ?"

"ಹೌದ್ರಿ. ತಪ್ಪು ನಂದ ಅದ."

ಅತ್ತೆ ಕಾಕುವನ್ನೇ ನೋಡಿದರು. ನಂಬಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಮೊಣಕಾಲು ಹಿಡಿದುಕೊಂಡು ಹೊಸ್ತಿಲ ಮೇಲೆ ಕುಳಿತರು. ಏನು ತೊಡಕು ಎಂದು ಕೇಳಿದರು. ಕಾಕು ಹೇಳಿದರು: ಎಲ್ಲ ಸಿಕ್ಕಿದೆ, ತಾಟು ಎತ್ತುವ ಹೊತ್ತೊಂದೇ ಸಿಗುತ್ತಿಲ್ಲ.

"ಮೂರು ಸಲ" ಎಂದರು ಅತ್ತೆ.

ಇಬ್ಬರೂ ಅವರ ಮುಖ ನೋಡಿದೆವು.

"ಮೂರು ಸಲ ಹಾಡಿ ಸುಮ್ಮನಾಗತಿದ್ದಿ. ಆವಾಗ ತಾಟಿನ ಸಪ್ಪಳ. ಆಮ್ಯಾಲ ಮತ್ತ ಎರಡು ಸಲ ಹಾಡಿ ಮುಗಸತಿದ್ದಿ. ಎಂಟು ವರ್ಷದಿಂದ ಪ್ರತಿ ನಾತಾಳಕ್ಕ ನನ್ನ ಮಧ್ಯಾಹ್ನದ ನಿದ್ದಿ ಹಾಳು ಮಾಡಿದ ಹಾಡು, ಮರೀತೀನೇನು? ಎರಡನೇ ನುಡಿ ಪ್ರತೀಸಲ ತಪ್ಪ ಹಾಡತಿ, ಅದನ್ನೂ ಹೇಳತೇನಿ ಕೇಳು."

ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ, ಎರಡೂ ಇತ್ತು. ಮರುದಿನ ಅತ್ತೆ ಗೋಡೆಯ ಆ ಕಡೆ ತಮ್ಮ ಎಂದಿನ ಜಾಗದಲ್ಲೇ ಮಲಗಿ ಕೇಳಿದರು. ಈ ಕಡೆ ಕಾಕು ಹಾಡಿದರು. ಮೂರನೇ ಸಲ ಮುಗಿಯುತ್ತಿದ್ದ ಹಾಗೆ ಗೋಡೆಯ ಮೇಲೆ ಕುಟ್ಟಿದ ಸಪ್ಪಳ. ಕಾಕು ತಾಟು ಎತ್ತಿ ಶೇಂಗಾ ಚೆಲ್ಲಿದರು. ನಿಂತವು. ಹಾಡು ಮೂರು ಸಲ ಎಂದು ವಹಿಯಲ್ಲಿ ಬರೆದೆ.

ಶಾಲೆಗೆ ನಾನೂ ಹೋಗಬೇಕಾಯಿತು, ಬರೆದದ್ದನ್ನು ಓದಲು. ಅತ್ತೆಯನ್ನು ಕೇಳಲು ಎರಡು ದಿನ ಧೈರ್ಯ ಸಾಲಲಿಲ್ಲ. ಕೇಳಿದಾಗ, "ಹೋಗು. ಮುಲ್ಕಿ ಪಾಸಾದಾಕಿನ್ನ ತಂದದ್ದು ಬರೇ ಮುಸರಿ ತಿಕ್ಕಲಿಕ್ಕೇನು" ಎಂದರು. ಶಾಲೆಯ ಅಂಗಳದಲ್ಲಿ ಐದಾರು ಬಾಯಿಯರು ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಕಾಕು ಶೆಗಡಿ ಹೊತ್ತಿಸಿ, ಬಲಗೈ ಚಾಚಿ, ಕಾವು ತೂಗಿದರು. ಪಾತೇಲಿ ಇಟ್ಟರು. ಆಮೇಲೆ ಸುಮ್ಮನೆ ನಿಂತರು. ಅಷ್ಟು ಜನರ ಮುಂದೆ ಹಾಡಲು ನಾಚಿಕೆ. ಹಾಡದಿದ್ದರೆ ಹೊತ್ತು ತಿಳಿಯುವುದು ಹೇಗೆ? ನಾನೇ ಕಣ್ಣು ಮುಚ್ಚಿ ಹಾಡು ಎತ್ತಿದೆ. ನನ್ನ ಕಂಠ ಕಾಗೆಯದು. ಎರಡನೇ ನುಡಿಗೆ ಕಾಕು ಕೂಡಿಕೊಂಡರು, ತಪ್ಪಾಗಿಯೇ. ಹಿರಿಯ ಬಾಯಿಯವರು ಗಡಿಯಾರ ನೋಡಿ ಕಾಗದದ ಮೇಲೆ ಏನೋ ಗುರುತು ಮಾಡಿಕೊಂಡರು.

ಮೂರನೇ ಸಲ ಮುಗಿಯಿತು. ಕಾಕು ತಾಟು ಎತ್ತಿದರು. ಶೇಂಗಾಕ್ಕಿಂತ ಅಕ್ರೋಡಿನ ಚೂರು ದೊಡ್ಡದು. ಮುಳುಗಿಬಿಟ್ಟರೆ ಇನ್ನೊಂದು ಹಿಡಿ ಎಲ್ಲಿಯೂ ಇಲ್ಲ. ನನಗೆ ನೋಡಲಾಗಲಿಲ್ಲ. ಗದಗಿನ ಆ ಸೀರೆ, ಹದಿನಾಲ್ಕರ ಹುಡುಗಿ, ನನ್ನ ಸುಣ್ಣದ ಕುಂಚ, ಎಲ್ಲ ಕಣ್ಣೊಳಗೆ ಸುತ್ತಿದವು. ಕಾಕು ನನ್ನ ಭುಜ ಮುಟ್ಟಿ "ಕಣ್ಣು ತಗಿ ಹುಡುಗಿ, ನಿಂತಾವ" ಎಂದಾಗಲೇ ತೆರೆದದ್ದು.

ವಹಿ ನೋಡಿ ಹಿರಿಯ ಬಾಯಿಯವರು ವಾಟಿ ಎಂದರೆ ಎಷ್ಟು, ಮನೆಗೊಂದು ವಾಟಿ ಇರುತ್ತದಲ್ಲ ಎಂದು ಕೇಳಿದರು. ಕಾಕು ತಮ್ಮ ಹಿತ್ತಾಳೆಯ ವಾಟಿಯನ್ನು ತೊಳೆದು, ಒರೆಸಿ, ಅವರ ಮೇಜಿನ ಮೇಲಿಟ್ಟರು. ಅದು ಈಗಲೂ ಆ ಶಾಲೆಯಲ್ಲಿದೆ. ಹಾಡು ಮೂರು ಸಲ ಎಂದು ನಾನು ಬರೆದಿದ್ದಲ್ಲಿ ಬಾಯಿಯವರು ಪಕ್ಕದಲ್ಲಿ ಇಪ್ಪತ್ತೈದು ನಿಮಿಷ ಎಂದು ಬರೆದರು. ಕೆಲಸ ಸಿಕ್ಕಿತೆಂದು ಮರುದಿನವೇ ಗದಗಿಗೆ ತಾರು ಹೋಯಿತು. ನಾಲ್ಕು ದಿನದಲ್ಲಿ ಮಗಳು ಬಂದಳು.

ಬಂದ ಮಗಳು ಮೊದಲು ಮಾಡಿದ್ದು ಅಡಿಗೆಮನೆಗೆ ಹೋಗಿ ಗೋಡೆ ನೋಡಿದ್ದು. ಅಪ್ಪನ ಮುಖ ಅವಳಿಗೆ ಸರಿಯಾಗಿ ನೆನಪಿರಲಿಲ್ಲ. ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ಅವರದೆಂದು ಉಳಿದಿದ್ದದ್ದು ಆ ಗೆರೆಗಳು. ಚಿಕ್ಕವಳಿದ್ದಾಗ ಅವುಗಳ ಮುಂದೆ ಕುಳಿತು ಅಪ್ಪನ ಜೊತೆ ಮಾತಾಡುತ್ತಿದ್ದಳಂತೆ. ಗೋಡೆಯಾಚೆಯಿಂದ ನನಗೆಲ್ಲ ಕೇಳಿಸುತ್ತಿತ್ತು.

"ಯಾರವ್ವಾ ಅಳಿಸಿದ್ದು?"

"ನಾನ ಸುಣ್ಣಾ ಹಚ್ಚಿಸಿದೆ. ನೆನಪಾಗಲಿಲ್ಲ."

"ಅಪ್ಪಂದು ಅದೊಂದ ಇತ್ತು. ನಿನಗ ಹೆಂಗ ನೆನಪಾಗಲಿಲ್ಲ?"

ಮೊರದಲ್ಲಿ ಅಕ್ಕಿ ಸುರಿದ ಸಪ್ಪಳ ಕೇಳಿಸಿತು. ನಾನು ಎದ್ದು ಹೋಗಿ ಹೇಳಬೇಕಿತ್ತು. ಪಕ್ಕದಲ್ಲಿ ಅತ್ತೆ ಕಾಯಿಪಲ್ಲೆ ಹೆಚ್ಚುತ್ತಿದ್ದರು. ನಾನು ಕುಳಿತೇ ಇದ್ದೆ.

ತಾಯಿ ಮಗಳು ವಸತಿಗೃಹದ ಖೋಲಿಗೆ ಹೋದರು. ಮಗಳು ಓದಿದಳು, ಚೆನ್ನಾಗಿಯೇ ಓದಿದಳು. ತಾಯಿಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ, ಆದರೆ ಸಿಟ್ಟು ಬಂದಾಗಲೆಲ್ಲ ಆ ಮಾತು ಬರುತ್ತಿತ್ತು. "ನೀನು ಅಪ್ಪನ್ನೇ ಸುಣ್ಣಾ ಹಚ್ಚಿ ಮರತಾಕಿ." ನನ್ನ ಎದುರಿಗೂ ಒಮ್ಮೆ ಅಂದಳು. ಕಾಕು ನನ್ನ ಕಡೆ ನೋಡಲೂ ಇಲ್ಲ. ನೋಡಿದರೆ ನಾನು ಎಲ್ಲಿ ಬಾಯಿ ಬಿಡುತ್ತೇನೋ ಎಂದು ಮೊರ ಎಳೆದುಕೊಂಡು ಅಕ್ಕಿ ಆರಿಸಲು ಕುಳಿತರು. ಆಮೇಲೆ ಒಬ್ಬರೇ ಸಿಕ್ಕಾಗ, ನಿಜ ಹೇಳಿಬಿಡುತ್ತೇನೆ ಎಂದೆ. "ನಿನ್ನ ಅತ್ತಿ ಇರೂತನಕ ಬ್ಯಾಡ" ಎಂದರು. "ಆಕಿ ನನ್ನ ಮಗಳು, ನನ್ನ ಬಿಟ್ಟು ಎಲ್ಲೆ ಹೋಗತಾಳ? ನಿನಗ ಆ ಮನಿ ಬಿಟ್ರ ಯಾವ ಮನಿ ಅದ?"

ಹೋದ ವರ್ಷ ಅತ್ತೆ ತೀರಿಕೊಂಡರು. ಆಗಲಾದರೂ ಹೇಳಬಹುದಿತ್ತು. ಇವತ್ತು, ನಾಳೆ ಎಂದೆ. ಸ್ವಾತಂತ್ರ್ಯ ಬಂದ ಈ ಮಳೆಗಾಲದಲ್ಲಿ, ವಸತಿಗೃಹದ ಹುಡುಗಿಯರು ಬಾವುಟಕ್ಕೆ ಸಿಹಿ ಹಂಚಿ ಇನ್ನೂ ಹದಿನೈದು ದಿನವಾಗಿರಲಿಲ್ಲ, ಕಾಕು ಎರಡು ದಿನದ ಜ್ವರದಲ್ಲಿ ಹೋದರು. ನಾನು ಹೋಗುವ ಹೊತ್ತಿಗೆ ಮಾತು ನಿಂತಿತ್ತು. ಬಲಗೈ ಹಿಡಿದುಕೊಂಡೆ. ಎಂದೂ ಬೆಚ್ಚಗಿರುತ್ತಿದ್ದ ಕೈ. ಮಗಳು ಆ ಕಡೆ ಕುಳಿತಿದ್ದಳು, ಹದಿನೆಂಟರ ಹುಡುಗಿ. "ಅಪ್ಪಂದೂ ಏನೂ ಇಡಲಿಲ್ಲ, ಅವ್ವಂದೂ ಏನೂ ಇಲ್ಲ" ಎಂದಳು.

ಇಲ್ಲ, ಇದೆ. ಈ ವಹಿ ಇದೆ. ಕಾಕು ಹೇಳಿ ನಾನು ಬರೆದದ್ದು, ಕೇಕಿನಿಂದ ಹಿಡಿದು ಕರಚಿಕಾಯಿಯವರೆಗೆ ಅರವತ್ತೆರಡು ಅಡಿಗೆ. ಎಲ್ಲಿಯೂ "ಬೇಕಾದಷ್ಟು" ಎಂಬ ಮಾತಿಲ್ಲ. ಕಾಕು ನೆನಪಿನಿಂದ ಹೇಳಿದಂತೆ ಮೊದಲ ಹಾಳೆಯಲ್ಲಿ ಆ ಸೊನ್ನೆ, ಚುಕ್ಕೆ, ಗೆರೆಗಳನ್ನೂ ಬರೆದಿದ್ದೇನೆ. ಗೆರೆ ನನ್ನದು, ಅವಳ ಅಪ್ಪನದಲ್ಲ. ಅದನ್ನು ಮರಳಿ ತರುವುದು ನನ್ನ ಕೈಯಲ್ಲಿಲ್ಲ. ನಾಳೆ ದೀಪಾವಳಿಗೆ ಅವಳು ನಮ್ಮ ಮನೆಗೆ ಬರುತ್ತಾಳೆ. ವಹಿಯನ್ನು ಅವಳಿಗೆ ಕೊಡಬೇಕು. ಓದಿ ಏನೆನ್ನುತ್ತಾಳೋ, ಮತ್ತೆ ಈ ಹೊಸ್ತಿಲು ತುಳಿಯುತ್ತಾಳೋ ಇಲ್ಲವೋ ಎಂದು ಬೆಳಿಗ್ಗೆಯಿಂದ ಮೂರು ಸಲ ಅಕ್ಕಿ ಆರಿಸಿದ್ದೇನೆ.

ಇಷ್ಟೆಲ್ಲ ಬರೆದದ್ದು ಆ ವಹಿಯ ಕೊನೆಯ ಹಾಳೆಗಳಲ್ಲೇ. ತಪ್ಪಾದದ್ದನ್ನೂ ಬರೆಯಬೇಕು ಎಂದವಳು ನಾನೇ. "ಮೂರು ವಾಟಿ ಹಿಟ್ಟು: ಕುಸಿಯಿತು" ಎಂದು ಅಂದು ಬರೆದ ಸಾಲಿನ ಕೆಳಗೆ ನಾಲ್ಕು ವರ್ಷದಿಂದ ಒಂದು ಸಾಲಿನ ಜಾಗ ಖಾಲಿ ಇದೆ. ಈಗ ತುಂಬುತ್ತೇನೆ.

ಗೋಡೆಗೆ ಸುಣ್ಣ: ಎರಡು ಕೈ. ಹಚ್ಚಿದವಳು ನಾನು. ಕಾಕು ಹೇಳಿರಲಿಲ್ಲ.